ಪುಟ್ಟಗೌರಮ್ಮನ ಬಾಯಿ

ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಪುಟ್ಟಗೌರಮ್ಮನ ಬಾಯಿಗೆ ಹೆದರದವರಿಲ್ಲ. ಅವಳು ನಲ್ಲಿಯ ಹತ್ತಿರ ಬಂದರೆ ಕೊಡಗಳು ತಾವಾಗಿಯೇ ಸಾಲು ಹಿಡಿಯುತ್ತವೆ ಅಂತ ನಾವು ಹಿಂದಿನಿಂದ ಆಡಿಕೊಳ್ಳುತ್ತೇವೆ. ಆ ಬಾಯಿಯ ಏಟು ಹೆಚ್ಚು ತಿಂದವಳು ಸೊಸೆ ಪುಷ್ಪ. ಮುಟ್ಟಾದರೆ ಜಗುಲಿ ಬಿಟ್ಟು ಏಳಬಾರದು, ಮಗ್ಗ ಮುಟ್ಟಬಾರದು. ಅದು ಆ ಮನೆಯ ಕಟ್ಟುನಿಟ್ಟು.

ರೇಷ್ಮೆ ಸೀರೆ ನೇಯುವುದರಲ್ಲಿ ಪುಷ್ಪ ಎತ್ತಿದ ಕೈ. ಆದರೆ ಸಿಸೇರಿಯನ್ ಆಗಿ ಮಗು ಹುಟ್ಟಿದ ಮೇಲೆ ಹೊಲಿಗೆಯ ಗಾಯದಲ್ಲಿ ಒಂದು ಗಂಟು ಎದ್ದಿತು. ಮಗ್ಗದ ಮುಂದಿನ ಮರ ಸರಿಯಾಗಿ ಅಲ್ಲಿಗೇ ಒತ್ತುತ್ತಿತ್ತು. ಬರಬರುತ್ತಾ ಮುಟ್ಟು ಮುಗಿದ ಮೇಲೂ ನೋವು ಉಳಿಯತೊಡಗಿ ಸೀರೆಗಳು ಅರ್ಧಕ್ಕೇ ನಿಂತವು. ಮಗ್ಗದ ಮಾಲೀಕ ಶಿವಶಂಕರ, ಈ ಸೀರೆಯೂ ತಡವಾದರೆ ಮಗ್ಗ ಬಿಚ್ಚಿಸಿ ಒಯ್ಯುತ್ತೇನೆ ಎಂದು ಹೇಳಿಹೋದ. ಪುಷ್ಪ ಅಂದು ಊಟ ಮುಟ್ಟಲಿಲ್ಲ.

ಒಬ್ಬ ಡಾಕ್ಟರು ಹರ್ನಿಯಾ ಅಂದಿದ್ದರು, ಇನ್ನೊಬ್ಬರು ಒಳಗೆ ಹೊಲಿಗೆಯ ದಾರ ಉಳಿದಿದೆ ಅಂದಿದ್ದರು. ಅವರನ್ನು ದೂರಿ ಏನು ಪ್ರಯೋಜನ? ಜಗುಲಿಯಿಂದ ಎದ್ದ ಮೇಲೆ ತಾನೇ ಇವಳು ಆಸ್ಪತ್ರೆಗೆ ಹೋಗುತ್ತಿದ್ದದ್ದು. ಅಷ್ಟರಲ್ಲಿ ಗಂಟು ಇಳಿದಿರುತ್ತಿತ್ತು.

ಮೂರನೆಯವರು ಲೇಡಿ ಡಾಕ್ಟರು. ಅತ್ತೆ ಸೊಸೆಯ ಜೊತೆಗೆ ಪಕ್ಕದ ಮನೆಯ ನಾನೂ ಹೋಗಿದ್ದೆ. ಇದು ಯಾವಾಗ ನೋಯುತ್ತದೆ ಎಂದು ಅವರು ಕೇಳಿದರೆ ಪುಷ್ಪ ನಾಚಿ ನೆಲ ನೋಡಿದಳು. ಅತ್ತೆ ಬಾಯಿ ತೆಗೆದಳು.

"ಒರಗಾದಾಗ ಕಣವ್ವಾ. ಜಗುಲೀಲಿ ಕೂರ್ಸೋಳೇ ನಾನು, ನಂಗೊತ್ತಿಲ್ವಾ? ಆಗ ಉಬ್ತದೆ, ಆಮ್ಯಾಕೆ ಇಳೀತದೆ." ಅಷ್ಟು ಹೇಳಿ ಸೊಸೆಯ ಕಡೆ ತಿರುಗಿದಳು. "ಉಬ್ದಾಗ ಕರ್ಕಂಡ್ ಬರ್ನಿಲ್ಲ ನಾನು."

ಮುಂದಿನ ಸಲ ಮುಟ್ಟಾದ ದಿನವೇ ಬೀದಿಯವರೆಲ್ಲ ನೋಡುತ್ತಿರುವಂತೆ ಸೊಸೆಯ ಕೈ ಹಿಡಿದು ಆಟೋ ಹತ್ತಿಸಿದಳು. ಸ್ಕ್ಯಾನ್ ಆಯಿತು. ಹೆರಿಗೆಯ ಆಪರೇಷನ್ನಿನಲ್ಲಿ ಗರ್ಭಕೋಶದ ಒಳಪದರದ ಚೂರು ಗಾಯದಲ್ಲಿ ಸೇರಿಕೊಂಡು ಬೆಳೆದಿದೆ, ತಿಂಗಳಿಗೊಮ್ಮೆ ಅದೂ ಅಲ್ಲೇ ರಕ್ತ ಸುರಿಸುತ್ತದೆ, ಅದಕ್ಕೇ ಈ ನೋವು ಎಂದರು ಡಾಕ್ಟರು. ಗಂಟನ್ನು ಪೂರ್ತಿ ತೆಗೆದರು. ಮಗ್ಗ ಒಯ್ಯಲು ಬಂದ ಶಿವಶಂಕರನನ್ನು ಪುಟ್ಟಗೌರಮ್ಮ ಬಾಗಿಲಲ್ಲೇ ತಡೆದು, ಗಾಯ ಮಾಯುವವರೆಗೆ ಈ ಕಡೆ ತಲೆ ಹಾಕಬೇಡ ಎಂದು ಕಳಿಸಿದಳು.

ಗಾಯ ಮಾಯ್ದು ಪುಷ್ಪ ಮಗ್ಗಕ್ಕೆ ಕೂತಳು. ಮತ್ತೆ ಮುಟ್ಟಾದಾಗ ರೂಢಿಯಂತೆ ಜಗುಲಿಯಲ್ಲಿ ಚಾಪೆ ಹಾಸಿಕೊಂಡಳು. ನೋವಿದೆಯಾ ಎಂದು ಅತ್ತೆ ಹತ್ತಾರು ಸಲ ಕೇಳಿದಳು. ಇಲ್ಲ ಎಂದು ಪುಷ್ಪ ನಕ್ಕಳು. ಅತ್ತೆ ಚಾಪೆಯ ತುದಿ ಹಿಡಿದು ಎಳೆದಳು.

"ಅಂಗಾದ್ರೆ ಇಲ್ಯಾಕ್ ಕುಂತಿದ್ದೀಯೆ? ಎದ್ದು ಒಳೀಕೆ ಓಗು, ಮಗ್ಗದತ್ರ."

ಶಿವಶಂಕರ ಬಂದಾಗ ಸೀರೆ ಮುಗಿದಿತ್ತು. ಸೆರಗು ಬಿಡಿಸಿ ನೋಡಿದ, ಮಗ್ಗದ ಮಾತೆತ್ತದೆ ಮುಂದಿನ ಸೀರೆಯ ರೇಷ್ಮೆ ಇಟ್ಟು ಹೋದ.