ಡೇಟಾಬೇಸಿಗೆ ಅಮಾವಾಸ್ಯೆಯ ಮುಹೂರ್ತ

ಕಾಗವಾಡದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಾನು ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದೆ. ವಿಭಾಗ ಎಂದರೆ ನಾನು, ಒಂದು ಸರ್ವರ್, ಒಂದು ಕೆಟ್ಟ ಏಸಿ. ಸುತ್ತಲಿನ ಊರುಗಳ ಕಬ್ಬೆಲ್ಲ ಆ ಸರ್ವರಿನ ಡೇಟಾಬೇಸಿನಲ್ಲಿತ್ತು: ಯಾರದು, ಎಷ್ಟು ಎಕರೆ, ನಾಟಿ ಯಾವಾಗ. ನಾಟಿಯ ತಾರೀಖಿನ ಮೇಲೆ ಪಾಳಿ. ಪಾಳಿ ಬಂದವರಿಗೆ ಅದು ಕಡಿಯುವ ಚೀಟಿ ಕೊಡುತ್ತಿತ್ತು. ಚೀಟಿ ಇಲ್ಲದ ಕಬ್ಬನ್ನು ಗ್ಯಾಂಗಿನವರು ಕಡಿಯುವಂತಿಲ್ಲ, ಗೇಟಿನವರು ಒಳಗೆ ಬಿಡುವಂತಿಲ್ಲ. ಕೈಯಲ್ಲಿ ಚೀಟಿ ಬರೆಯುತ್ತಿದ್ದ ಕಾಲದಲ್ಲಿ ದೊಡ್ಡವರ ಕಬ್ಬು ಯಾವಾಗಲೂ ಮೊದಲು ಬರುತ್ತಿತ್ತು. ಆ ಜಗಳ ಹೊಡೆದಾಟಕ್ಕೆ ಹೋದ ಮೇಲೆಯೇ ಕಂಪ್ಯೂಟರ್ ಬಂದದ್ದು, ಕೈಚೀಟಿ ನಿಂತದ್ದು.

ಆಪರೇಟಿಂಗ್ ಸಿಸ್ಟಮ್ ಕೊಟ್ಟವರೇ ಡೇಟಾಬೇಸನ್ನೂ ಅದಕ್ಕೆ ಹೊಂದಿಸಿ ಕಳಿಸುತ್ತಿದ್ದರು. ಒಂದು ವರ್ಷ ಅವರು, ಡೇಟಾಬೇಸಿನ ಹಳೆಯ ಆವೃತ್ತಿಗೆ ಇನ್ನು ಮುಂದೆ ದುರಸ್ತಿ ಸಿಗುವುದಿಲ್ಲ, ಹೊಸದಕ್ಕೆ ಬನ್ನಿ ಎಂದರು. ನಾನು ಮ್ಯಾನೇಜರರಿಗೆ ಹೇಳಿದೆ.

"ಹಳೇದ ಕೆಟ್ಟೈತೇನು?"

"ಇಲ್ರಿ ಸಾಹೇಬ್ರ."

"ಮತ್ತ ಯಾಕ?"

"ಕೆಟ್ರ ರಿಪೇರಿ ಮಾಡಾವ್ರು ಇರೂದಿಲ್ರಿ."

"ನೀವ ಅದೀರಲ್ಲ."

ನನಗಿದ್ದ ಭಯವೂ ಅದೇ.

ಯಾವಾಗ ಮಾಡುವುದು ಎಂಬ ಒಂದೇ ವಿಚಾರದಲ್ಲಿ ಎರಡು ವರ್ಷ ಕಳೆದೆ. ಕಬ್ಬು ನುರಿಸುವಾಗ ಕೈ ಹಚ್ಚುವಂತಿಲ್ಲ. ಹಂಗಾಮು ಮುಗಿದರೆ ರೈತರ ಬಿಲ್ಲು. ಬಿಲ್ಲು ಮುಗಿಯುವ ಹೊತ್ತಿಗೆ ಕೃಷ್ಣೆ ಏರುತ್ತಾಳೆ, ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲ. ನೀರು ಇಳಿದರೆ ಹೊಸ ನೋಂದಣಿ, ಅದರ ಬೆನ್ನಿಗೆ ಬಾಯ್ಲರ್ ಪೂಜೆ, ಮತ್ತೆ ಹಂಗಾಮು. ಮಗಳಿಗೆ ವರ ನೋಡುವವರೂ ಇಷ್ಟು ತಪ್ಪು ಹುಡುಕಲಿಕ್ಕಿಲ್ಲ ಎಂದು ಹೆಂಡತಿ ನಗುತ್ತಿದ್ದಳು.

ಕೊನೆಗೆ ನನಗೆ ಹೊಳೆದದ್ದು ಅಮಾವಾಸ್ಯೆ. ಅವತ್ತು ನಮ್ಮ ಕಡೆ ಎತ್ತು ಹೂಡುವುದಿಲ್ಲ, ಗಾಡಿಗಳು ಬರುವುದಿಲ್ಲ. ಹಾಗಾಗಿ ಕಾರ್ಖಾನೆಯವರೂ ಮಿಲ್ಲು ತೊಳೆಯುವುದನ್ನು ಅವತ್ತಿಗೇ ಇಟ್ಟುಕೊಳ್ಳುತ್ತಿದ್ದರು. ಮುಂದಿನ ಮೂರು ದಿನದ ಚೀಟಿಗಳನ್ನು ಮೊದಲೇ ಹಂಚಿಬಿಟ್ಟೆ. ಡೇಟಾವನ್ನು ಎರಡು ಸಿಡಿಗೆ ಇಳಿಸಿದೆ, ಒಂದು ಪೆನ್‌ಡ್ರೈವಿಗೂ ಹಾಕಿದೆ. ಅದು ಮನೆಯ ಅಕ್ಕಿ ಡಬ್ಬಿಯೊಳಗೆ ಸೇರಿತು. ಏನೇ ಆದರೂ ಮೂರು ದಿನ ಯಾರಿಗೂ ತೊಂದರೆಯಿಲ್ಲ ಎಂದು, ಹುಟ್ಟಿದಾಗಿನಿಂದ ಮೊದಲ ಸಲವೋ ಏನೋ, ಸಮಾಧಾನದಿಂದ ಮಲಗಿದೆ.

ಬೆಳಿಗ್ಗೆ ಹಳೆಯದನ್ನು ತೆಗೆದು ಹೊಸದನ್ನು ಹಾಕಿದೆ. ಡೇಟಾ ಏರಿಸಲು ಕೂತಿದ್ದಾಗ ಶಿರಗುಪ್ಪಿಯ ಕಡೆಯ ಒಬ್ಬ ವಯಸ್ಸಾದ ರೈತ ಬಂದು ಬಾಗಿಲಲ್ಲಿ ನಿಂತ. ಧೋತರದ ಅಂಚಿಗೆಲ್ಲ ಮಸಿ.

"ನಿನ್ನಿ ಸಂಜೀಕ ತಂತಿಗಿ ತಂತಿ ತಾಗಿ ಕಬ್ಬಿಗಿ ಬೆಂಕಿ ಬಿತ್ರಿ, ಸಾಹೇಬ್ರ. ಇದ್ದದ್ದ ಅಷ್ಟ ಹೊಲ. ಒಂದ್ ಚೀಟಿ ಕೊಡ್ರಿ."

ಸುಟ್ಟ ಕಬ್ಬಿಗೆ ಪಾಳಿಯಿಲ್ಲ, ಕೇಳಿದ ದಿನವೇ ಚೀಟಿ ಕೊಡಬೇಕು. ಗರಿ ಸುಟ್ಟರೂ ಒಳಗೆ ರಸ ಇರುತ್ತದೆ, ಆದರೆ ಬೇಗ ಹುಳಿಯಾಗುತ್ತದೆ. ಆಮೇಲೆ ಅದು ಯಾರಿಗೂ ಬೇಡ.

"ಸಂಜೀತನಕ ಆಕ್ಕೈತಿ, ಕಾಕಾ. ಇವತ್ತ ಮಿಲ್ಲೂ ಬಂದ್ ಐತಿ."

"ಆಗ್ಲಿ ಬಿಡ್ರಿ. ಕಂಪ್ಯೂಟರ್ ಬಂದಮ್ಯಾಲ ನಮ್ಮಂಥಾವ್ರ ಕಬ್ಬೂ ಟೈಮಿಗಿ ಹೊಂಟೈತಿ," ಎಂದು ಅವನು ಹೊರಗೆ ಬೇವಿನ ಗಿಡದ ಕೆಳಗೆ ಕೂತ.

ಡೇಟಾ ಅರ್ಧಕ್ಕೆ ನಿಂತಿತು. ನೋಡಿದರೆ ಒಬ್ಬರ ನಾಟಿಯ ತಾರೀಖು ಜೂನ್ ಮೂವತ್ತೊಂದು. ನಾಟಿ ಯಾವಾಗ ಎಂದು ಕೇಳಿದರೆ ನಮ್ಮ ರೈತರು ಕಾರಹುಣ್ಣಿಮೆ ಮುಂದೆ, ನಾಗರಪಂಚಮಿ ಹಿಂದೆ ಎನ್ನುತ್ತಾರೆ. ನೋಂದಣಿಯವರು ತಂಟೆ ಬೇಡವೆಂದು ಆ ತಿಂಗಳ ಮೂವತ್ತೊಂದು ಎಂದು ಹೊಡೆದುಬಿಡುತ್ತಿದ್ದರು, ತಿಂಗಳಿಗೆ ಮೂವತ್ತೇ ದಿನವಿದ್ದರೂ. ಹಳೆಯ ಆವೃತ್ತಿ ಅದನ್ನು ತೆಪ್ಪಗೆ ನುಂಗಿತ್ತು. ಹೊಸದು ನುಂಗಲಿಲ್ಲ. ನಾನೇ ತಿದ್ದೋಣವೆಂದರೆ ಒಂದು ದಿನ ಹಿಂದೆ ಸರಿಸಿದರೂ ಯಾರದೋ ಪಾಳಿ ಯಾರದೋ ತಲೆ ಮೇಲೆ ಹಾರುತ್ತದೆ. ಪ್ರತಿಯೊಂದಕ್ಕೂ ಕಬ್ಬಿನ ವಿಭಾಗದವರ ಒಪ್ಪಿಗೆ ಬೇಕು, ಅವರೋ ಅಮಾವಾಸ್ಯೆಯ ಹಬ್ಬದೂಟಕ್ಕೆ ಊರಿಗೆ ಹೋಗಿದ್ದರು.

ಸರಿ, ಹಿಂದಕ್ಕೇ ಹೋಗೋಣವೆಂದರೆ ಹಳೆಯ ಆವೃತ್ತಿ ಇಂಟರ್‌ನೆಟ್ಟಿನಲ್ಲಿ ಅದಿದ್ದ ಜಾಗದಲ್ಲಿ ಇರಲಿಲ್ಲ. ಸಿಸ್ಟಮಿನವರು ತೆಗೆದುಹಾಕಿದ್ದರು. ಡೇಟಾವನ್ನು ಅಕ್ಕಿ ಡಬ್ಬಿಯವರೆಗೆ ಕಾಪಾಡಿದ ನಾನು ಅದನ್ನು ಓದುವ ಸಾಫ್ಟ್‌ವೇರಿನ ಒಂದು ಪ್ರತಿಯನ್ನೂ ಇಟ್ಟುಕೊಂಡಿರಲಿಲ್ಲ.

ಮ್ಯಾನೇಜರರ ಹತ್ತಿರ ಓಡಿದೆ. "ಒಂದ ಒಂದ್ ಕೈಚೀಟಿ ಬರಕೊಡ್ರಿ ಸಾಹೇಬ್ರ, ಸುಟ್ಟ ಕಬ್ಬೈತಿ."

"ಇವತ್ತ ಇಂವಗ ಬರದ್ರ ನಾಳೆ ಗೇಟಿನ ಮುಂದ ಊರ ನಿಂದರತೈತಿ. ಎಲ್ಲಾರೂ ತಮ್ಮ ಕಬ್ಬಿಗಿ ತಾವ ಕಡ್ಡಿ ಗೀರತಾರ. ಕೈಚೀಟಿ ಬ್ಯಾಡ."

ಅವರ ಮಾತು ಸುಳ್ಳಾಗಿರಲಿಲ್ಲ. ಅದೇ ಕಷ್ಟ.

ಮರುದಿನ ಮಿಲ್ಲು ಶುರುವಾಯಿತು. ನಾನು ಮೊದಲೇ ಹಂಚಿದ ಚೀಟಿ ಹಿಡಿದು ಗಾಡಿಗಳು, ಟ್ರ್ಯಾಕ್ಟರುಗಳು ಸಾಲಾಗಿ ಒಳಗೆ ಹೋದವು. ಸರ್ವರ್ ನಿಂತಿದೆ ಎಂದು ಕಾರ್ಖಾನೆಯಲ್ಲಿ ಬಹಳ ಜನರಿಗೆ ತಿಳಿಯಲೇ ಇಲ್ಲ. ನನ್ನ ಮುಂಜಾಗ್ರತೆ ಎಲ್ಲರನ್ನೂ ಕಾದಿತ್ತು, ಬೇವಿನ ಗಿಡದ ಕೆಳಗೆ ಕೂತವನೊಬ್ಬನನ್ನು ಬಿಟ್ಟು. ಅವನು ಆಗಾಗ ಎದ್ದು ಬಂದು "ಬಂತೇನ್ರಿ?" ಎನ್ನುತ್ತಿದ್ದ. ನಾನು "ಬಂತು ಬಂತು" ಎನ್ನುತ್ತಿದ್ದೆ. ಒಮ್ಮೆ ರೊಟ್ಟಿಯ ಗಂಟು ಬಿಚ್ಚಿ, "ನೀವೂ ಉಂಡಿಲ್ಲ, ಬರ್ರಿ," ಎಂದು ಕರೆದ. ಕೆಲಸವಿದೆ ಎಂದೆ.

ಕಬ್ಬಿನ ವಿಭಾಗದವರು ಊರಿಂದ ಬಂದು ಒಂದೊಂದೇ ತಾರೀಖಿಗೆ ಒಪ್ಪಿಗೆ ಕೊಟ್ಟ ಮೇಲೆ, ಮೂರನೆಯ ದಿನ ಚೀಟಿ ಬಂತು. ಗ್ಯಾಂಗು ಸಿಗಲು ಮತ್ತೊಂದು ದಿನ. ಟ್ರ್ಯಾಕ್ಟರ್ ಗೇಟಿಗೆ ಬಂದಾಗ ನಾನೂ ಹೋಗಿ ನಿಂತೆ. ಕೆಮಿಸ್ಟ್ ಒಂದು ಜಲ್ಲೆ ಮುರಿದು ಮೂಗಿಗೆ ಹಿಡಿದರು.

"ಹುಳಿ ವಾಸ್ನಿ ಹೊಡ್ಯಾಕತ್ತೈತಿ. ಹೊಳ್ಳಿಸ್ಕೊಂಡ ಹೋಗ್ರಿ."

ರೈತ ಒಂದು ತುಂಡನ್ನು ತಾನೂ ಮೂಸಿ ನೋಡಿದ. ಹಿಂದೆ ಸಾಲಿನಲ್ಲಿದ್ದವರು ಹಾರ್ನ್ ಹೊಡೆಯುತ್ತಿದ್ದರು. ಟ್ರ್ಯಾಕ್ಟರ್ ತಿರುಗಿಸಲು ಅವರೇ ಹಿಂದೆ ಸರಿದು ಜಾಗ ಬಿಟ್ಟರು.

ಆ ತಾರೀಖುಗಳನ್ನು ಮೊದಲಿನಂತೆ ನುಂಗು ಎಂದು ಹೊಸ ಆವೃತ್ತಿಗೆ ಹೇಳಲು ಸೆಟ್ಟಿಂಗ್ಸಿನಲ್ಲಿ ಒಂದು ಸಾಲು ಬರೆದರೆ ಸಾಕಿತ್ತು. ಅದು ನನಗೆ ತಿಳಿದದ್ದು ಮುಂದಿನ ವಾರ.

ಬೇಸಿಗೆಯಲ್ಲಿ ಅವನು ಮತ್ತೆ ಬಂದ, ನೋಂದಣಿ ತೆಗೆಸಲು. ಹೊಲವನ್ನು ಬೇರೆಯವರಿಗೆ ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟಿದ್ದನಂತೆ, ತಾನು ಇನ್ನು ಕಬ್ಬು ನೆಡುವುದಿಲ್ಲವಂತೆ. ಕೂರಲು ಹೇಳಿದೆ, ಕೂರಲಿಲ್ಲ. ನಾನು ಅವನ ಸಾಲು ಹುಡುಕಿ ಅಳಿಸಿದೆ. ಹೊಸ ಆವೃತ್ತಿ ಬಹಳ ಚುರುಕು, ಕೈ ಎತ್ತುವುದರೊಳಗೆ ಮುಗಿಯಿತು.

"ಆತೇನ್ರಿ?"

"ಆತು, ಕಾಕಾ."

"ಈಗ ಚಲೋ ನಡದೈತಲ್ಲ ಅದು?"

ಅವನ ದನಿಯಲ್ಲಿ ಚುಚ್ಚುವುದೇನೂ ಇರಲಿಲ್ಲ. ಕಾಯಿಲೆ ಬಿದ್ದಿದ್ದವರನ್ನು ವಿಚಾರಿಸುವಂತೆ ಕೇಳಿದ.

"ಹೌದ್ರಿ," ಎಂದೆ. "ಚಲೋ ನಡದೈತಿ."