ಮುಖಕ್ಕೆ ಕಟ್ಟಿದ ಬಟ್ಟೆ

ಫೋಟೋ ತೆಗೆಯುತ್ತಿದ್ದ, ಊರಿಗೆಲ್ಲ ಚಿಕ್ಕಮ್ಮನಂತಿದ್ದ ಸ್ಟುಡಿಯೋ ಕಾಕುವಿನ ಮೂಗಿನ ತುದಿ ಯಾವಾಗಲೂ ಕೆಂಪಗಿರುತ್ತಿತ್ತು. ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ, ಆ ಧೂಳಿನ ಗೋದಾಮಿನಲ್ಲಿ, ದುಡಿಯುವ ತಾಯಿಯ ಪಕ್ಕ ಆಡಿ ಬೆಳೆದವರು. ಆ ಘಾಟಿಗೆ ಹತ್ತಿದ ಸೀನು ವಯಸ್ಸಾದರೂ ಬಿಡಲಿಲ್ಲ. ಕ್ಯಾಮೆರಾ ಹಿಡಿದಾಗ ಮಾತ್ರ ಸೀನುತ್ತಿರಲಿಲ್ಲ. ಸಿಟ್ಟನ್ನೂ ಹಾಗೆಯೇ ತಡೆದಿಟ್ಟುಕೊಳ್ಳುತ್ತಿದ್ದರು.

ನನ್ನ ಅವ್ವನೂ ಅದೇ ವಖಾರಿಯಲ್ಲಿ ದುಡಿದು, ಕೆಮ್ಮಿ ಕೆಮ್ಮಿ ಸತ್ತಳು. ಅವಳದೆಂದು ಇದ್ದದ್ದು ಒಂದೇ ಫೋಟೋ: ಮಾಲಕ ಕುರ್ಚಿಯ ಮೇಲೆ, ಹಿಂದೆ ಕೆಲಸದ ಹೆಂಗಸರು. ಎಲ್ಲರ ಮುಖಕ್ಕೂ ಧೂಳು ತಡೆಯಲು ಕಟ್ಟಿದ ಬಟ್ಟೆ, ಕಣ್ಣಷ್ಟೇ ಹೊರಗೆ. ವಖಾರಿಯನ್ನು ಮದುವೆ ಹಾಲ್ ಮಾಡಿದ ಮಾಲಕನ ಮಗ ಆ ಫೋಟೋ ದೊಡ್ಡದು ಮಾಡಿಸಿ ಬಾಗಿಲಲ್ಲಿ ಹಾಕಿಸಿದ. ಕೆಳಗೆ ಅಪ್ಪನ ಹೆಸರು ಮಾತ್ರ. ನಮ್ಮ ಅವ್ವಂದಿರ ಹೆಸರೂ ಇರಲಿ ಎಂದು ಕೇಳಲು ನಾನೂ ಕಾಕುವೂ ಹೋದೆವು.

“ಮುಖಾನ ಕಾಣಂಗಿಲ್ಲ. ಯಾರ ಹೆಸರ ಬರಸ್ಲಿ?” ಎಂದ ಆ ಮಗ.

ನನ್ನ ಮೈಯೆಲ್ಲ ಉರಿಯಿತು. ಕಾಕು ಮೂಗು ಒರೆಸಿಕೊಂಡು ಹೊರಬಂದರು.

ಚಿಕ್ಕಂದಿನಿಂದ ನೋಡಿದ್ದ ಅವರಿಗೆ ಮುಖದ ಬಟ್ಟೆಯ ಗಂಟಿನ ಮೇಲೆಯೇ ಆ ಹೆಂಗಸರ ಗುರುತು. ಒಬ್ಬಳು ನೆತ್ತಿಗೆ ಗಂಟು ಹಾಕುತ್ತಿದ್ದಳು, ಒಬ್ಬಳು ಕತ್ತಿನ ಬದಿಗೆ. ನನ್ನ ಅವ್ವ ಎಡಗಿವಿಯ ಹಿಂದೆ. ಗಂಟು ನೋಡಿ ನೋಡಿ ಕೊಗನೊಳ್ಳಿ, ಸದಲಗಾ ಊರುಗಳ ತನಕ ಅವರ ಮನೆಗಳನ್ನು ಹುಡುಕಿದರು. ಹೆಣ್ಣುಮಕ್ಕಳ, ತಂಗಿಯರ ಫೋಟೋ ತೆಗೆದು, ಅವರ ನೆನಪಿಗೆ ಬಂದದ್ದನ್ನೆಲ್ಲ ಕಂಪ್ಯೂಟರಿನ ಎಐಗೆ ತಿಳಿಸಿ, ಬಟ್ಟೆಯ ಹಿಂದಿನ ಮುಖ ಮೂಡಿಸಿದರು. ಅವ್ವನಿಗೆ ನನ್ನ ಗದ್ದವನ್ನೇ ಕೊಟ್ಟರು. ಅವಳ ಮುಂದಿನ ಹಲ್ಲು ಮುರಿದಿತ್ತು. ಎಷ್ಟು ಹೇಳಿದರೂ ಆ ಎಐ ಹಲ್ಲು ತುಂಬಿಯೇ ಕೊಡುತ್ತಿತ್ತು. ಇರಲಿ, ಚಂದ ಕಾಣುತ್ತಾಳೆ ಎಂದೆ.

“ಚಂದೇನೋ ಐತಿ. ನಿಮ್ಮವ್ವ ಅಲ್ಲ ಬಿಡು” ಎಂದರು ಕಾಕು. ಎಐ ತುಂಬಿದ ಆ ಹಲ್ಲು ಹೋಗುವವರೆಗೂ ಊಟಕ್ಕೆ ಏಳಲಿಲ್ಲ. ಕೊನೆಗೆ ಪರದೆಯ ಮೇಲಿಂದ ಅವ್ವ ನನ್ನತ್ತ ನೋಡಿದಾಗ ನಾನು ಕೂಡಲಾಗದೆ ಹೊರಗೆ ಹೋಗಿ ಅತ್ತೆ.

ನೆನಪಿನಿಂದ ಮಾಡಿದ್ದು ಎಂದು ಮೇಲೆ ಬರೆದು, ಆ ಹೊಸ ಫೋಟೋವನ್ನು ರಸ್ತೆಗೆ ಕಾಣುವಂತೆ ಸ್ಟುಡಿಯೋದ ಗಾಜಿನೊಳಗೆ ಇಟ್ಟರು. ಹೆಂಗಸರೆಲ್ಲ ಬರಿ ಮುಖದಲ್ಲಿ, ಕೆಳಗೆ ಅವರವರ ಹೆಸರು. ಕುರ್ಚಿಯ ಮೇಲಿನ ಮಾಲಕನ ಮುಖಕ್ಕೆ ಮಾತ್ರ ಕಾಕು ಬಟ್ಟೆ ಕಟ್ಟಿಸಿದ್ದರು, ಗಂಟು ಎಡಗಿವಿಯ ಹಿಂದೆ. ಅವನ ಹೆಸರಿನ ಜಾಗ ಖಾಲಿ.

ಬಜಾರಿನ ಮಂದಿ ನಿಂತು ನಿಂತು ನೋಡಿದರು. ಮಾಲಕನ ಮಗ ಓಡಿ ಬಂದ. ಇದು ನಮ್ಮಪ್ಪ, ಹೆಸರು ಎಲ್ಲಿ ಎಂದು ಕೂಗಾಡಿದ.

“ಮುಖಾನ ಕಾಣಂಗಿಲ್ಲಲ್ರಿ” ಎಂದರು ಕಾಕು. “ಯಾರ ಹೆಸರ ಬರಸ್ಲಿ?”

ಆಮೇಲೆ ಮನಸಾರೆ ಸೀನಿದರು. ನನಗೆ ಅಂದಿನಷ್ಟು ಖುಷಿ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಈ ಮಳೆಗಾಲದಲ್ಲಿ ಕಾಕು ತೀರಿಕೊಂಡರು. ಸ್ಟುಡಿಯೋ ಈಗ ನಾನೇ ನಡೆಸುತ್ತೇನೆ. ಕೆಲಸವೆಲ್ಲ ಅವರೇ ಕಲಿಸಿದ್ದು. ಮೊನ್ನೆ ಮಾಲಕನ ಮಗ ಮತ್ತೆ ಬಂದಿದ್ದ, ಈ ಸಲ ಮೆತ್ತಗೆ. ಮದುವೆ ಹಾಲ್‌ನ ಫೋಟೋದ ಕೆಳಗೆ ಎಲ್ಲರ ಹೆಸರು ಬರೆಸಿದ್ದಾನಂತೆ. ಹೋಗಿ ನೋಡಿದೆ, ಬರೆಸಿದ್ದಾನೆ. ಅವ್ವನ ಹೆಸರನ್ನು ಕೈಯಿಂದ ಮುಟ್ಟಿದೆ. ಇನ್ನು ನಿಮ್ಮ ಫೋಟೋದಲ್ಲಿ ಅಪ್ಪನ ಮುಖದ ಬಟ್ಟೆ ತೆಗೆಯಿರಿ ಎನ್ನುತ್ತಾನೆ.

ತೆಗೆಯುವುದು ನನಗೆ ಬರುತ್ತದೆ. ತೆಗೆದಿಲ್ಲ. ಅವ್ವ ಆಯುಷ್ಯವೆಲ್ಲ ಆ ಬಟ್ಟೆ ಕಟ್ಟಿಕೊಂಡಿದ್ದಳು. ಅವನ ಅಪ್ಪನಿಗೆ ಕಟ್ಟಿ ಇನ್ನೂ ವರ್ಷವೂ ಆಗಿಲ್ಲ.