ಬೇಲಿಯಾಚೆಯ ಮೇಪಲ್

ಟ್ರುವಾ-ರಿವಿಯೆರ್ ಊರಿನ ಆ ಬೀದಿಯಲ್ಲಿ, ನೆಲದ ಮೇಲೆ ನಿಲ್ಲಿಸುವ ಈಜುಕೊಳ ಇಲ್ಲದ ಹಿತ್ತಿಲು ಕಡಿಮೆ. ಅವುಗಳಲ್ಲಿ ಹೆಚ್ಚಿನವಕ್ಕೆ ನೆಲ ಹದ ಮಾಡಿಕೊಟ್ಟವನು ರೊಸೇರ್ ತ್ರೆಪಾನಿಯೆ. ಮೂವತ್ತೊಂದು ವರ್ಷ ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನಿಗೆ ಇದೊಂದು ಗೀಳು. ನಡುವೆ ಗೂಟ ಹೊಡೆದು, ಹಗ್ಗ ಕಟ್ಟಿ ವೃತ್ತ ಎಳೆದು, ಹುಲ್ಲು ಕೆತ್ತಿ, ಮಟ್ಟ ನೋಡುತ್ತ ಕೂತನೆಂದರೆ ಊಟದ ನೆನಪೂ ಇರುತ್ತಿರಲಿಲ್ಲ. ತಗ್ಗಿಗೆ ಮಣ್ಣು ತುಂಬಬೇಡಿ, ದಿಬ್ಬ ಕಡಿಯಿರಿ ಎಂದು ಎಲ್ಲರಿಗೂ ಹೇಳುತ್ತಿದ್ದ. ತುಂಬಿದ ಮಣ್ಣು ನೀರಿನ ಭಾರಕ್ಕೆ ಕುಸಿದರೆ ಕೊಳ ವಾಲಿ ಗೋಡೆಯೇ ಕಿತ್ತುಹೋಗುತ್ತದೆ.

ಅವನ ಸ್ವಂತ ಹಿತ್ತಿಲಿಗೆ ಕೊಳ ಬಂದದ್ದು ಮೊಮ್ಮಕ್ಕಳಿಗಾಗಿ. ದಿಬ್ಬವಿದ್ದದ್ದು ಪಕ್ಕದ ಮನೆಯ ಬೇಲಿಯ ಕಡೆ. ಆ ಮನೆಯಲ್ಲಿ ಮದಾಮ್ ಲೊರೆಟ್ ಎಂಬ ಮುದುಕಿ ಒಬ್ಬಳೇ ಇದ್ದಳು. ಬೇಲಿಗೆ ಒತ್ತಿಕೊಂಡೇ ಅವಳ ಮೇಪಲ್ ಮರ, ಮದುವೆಯಾದ ವರ್ಷ ಅವಳ ಗಂಡ ನೆಟ್ಟದ್ದು.

ಒಂದು ಮೊಳ ಅಗೆಯುವಷ್ಟರಲ್ಲಿ ಗುದ್ದಲಿಗೆ ತೊಡೆ ಗಾತ್ರದ ಬೇರು ಸಿಕ್ಕಿತು. ವೃತ್ತವನ್ನು ಒಂದೆರಡು ಮಾರು ಸರಿಸಿದ್ದರೆ ಸಾಕಿತ್ತು. ಸರಿಸಿದರೆ ಅಡುಗೆಮನೆ ಕಿಟಕಿಯಿಂದ ಮಕ್ಕಳು ಕಾಣುವುದಿಲ್ಲವೆಂದು ಹೆಂಡತಿ ಫೆರ್ನಾಂದ್ ಹೇಳಿದ್ದಳು. ಅದಕ್ಕಿಂತ ಹೆಚ್ಚಾಗಿ, ಮೂರು ದಿನದ ಕೆಲಸವನ್ನು ಮತ್ತೆ ಮೊದಲಿಂದ ಮಾಡಲು ಅವನಿಗೇ ಮನಸ್ಸಿರಲಿಲ್ಲ. ಲೊರೆಟ್ ಮಂಡಿಯ ಆಪರೇಷನ್‌ಗೆಂದು ಆಸ್ಪತ್ರೆಯಲ್ಲಿದ್ದಳು. ರೊಸೇರ್ ಗರಗಸ ತಂದ. ಆ ಬೇರು, ಆಮೇಲೆ ಇನ್ನೆರಡು. ಮಧ್ಯಾಹ್ನದೊಳಗೆ ಕಲ್ಲುಪುಡಿ ಹರಡಿ, ನೀರು ಚಿಮುಕಿಸಿ, ದಮ್ಮಸ್ಸು ಮಾಡಿ ಮುಗಿಸಿದ. ನೆಲ ಕಾವಲಿಯಂತೆ ಸಪಾಟಾಯಿತು.

ಮರುವರ್ಷ ಮೇ ತಿಂಗಳಲ್ಲಿ ಬೀದಿಯ ಮರಗಳೆಲ್ಲ ಚಿಗುರಿದವು. ಆ ಮೇಪಲ್ ಮಾತ್ರ ರೊಸೇರನ ಹಿತ್ತಿಲ ಕಡೆ ಬೋಳಾಗಿಯೇ ಉಳಿಯಿತು.

"ನಂದೇ ತಪ್ಪು ಕಣಪ್ಪ ರೊಸೇರ್," ಎಂದಳು ಲೊರೆಟ್ ಬೇಲಿಯ ಹತ್ತಿರ ಬಂದು. "ಕಾಲು ನೋವು ಅಂತ ಬಟ್ಟೆ ನೆನೆಸಿದ ಬ್ಲೀಚ್ ನೀರನ್ನ ಇಲ್ಲೇ ಚೆಲ್ತಾ ಇದ್ದೆ. ಬುಡಕ್ಕೆ ಇಳಿದುಬಿಟ್ಟಿದೆ."

ಚಳಿ ಜಾಸ್ತಿಯಿತ್ತಲ್ಲ, ಅದಕ್ಕಿರಬೇಕು ಎಂದು ರೊಸೇರ್ ಗೊಣಗಿದ. ಅವಳು ಕುಂಟುತ್ತ ಮರಕ್ಕೆ ನೀರು ಹೊರತೊಡಗಿದಾಗ ನೋಡಲಾಗದೆ ಬಕೆಟ್ ತಾನೇ ಎತ್ತಿಕೊಟ್ಟ. ದಿನಾ ಕೊಟ್ಟ. ಇಂಥ ನೆರೆಯವನು ಯಾರಿಗೆ ಸಿಗುತ್ತಾನೆ ಎಂದು ಅವಳು ಚರ್ಚಿನಲ್ಲಿ ಹೇಳಿಕೊಂಡು ಬಂದದ್ದನ್ನು ಫೆರ್ನಾಂದ್ ಬಂದು ತಿಳಿಸಿದ ದಿನ, ಅವನು ಊಟ ಅರ್ಧಕ್ಕೆ ಬಿಟ್ಟು ಎದ್ದುಹೋದ.

ಜುಲೈನಲ್ಲಿ ನಗರಸಭೆಯವನು ಬಂದು ಮರ ಇನ್ನು ನಿಲ್ಲುವುದಿಲ್ಲ, ಕಡಿಸಿ ಎಂದು ಹೇಳಿಹೋದ. ಆ ಭಾನುವಾರ ರೊಸೇರ್ ಅವಳ ಅಡುಗೆಮನೆಗೆ ಹೋಗಿ, ಕೊಟ್ಟ ಕಾಫಿ ಮುಟ್ಟದೆ, ನಿಂತೇ ಎಲ್ಲ ಹೇಳಿದ.

ಲೊರೆಟ್ ಮೇಜಿನ ಬಟ್ಟೆಯ ಅಂಚನ್ನು ಸವರಿ ಸರಿಮಾಡಿದಳು.

"ಮರ ಹೋಗ್ಲಿ," ಎಂದಳು. "ಎರಡು ತಿಂಗಳು ನಾನು ನಮ್ಮ ಯಜಮಾನ್ರ ಫೋಟೋ ಮುಂದೆ ಕೂತು ಕ್ಷಮೆ ಕೇಳಿದೀನಿ. ನೀನು ಪಕ್ಕದಲ್ಲೇ ನಿಂತು ಬಕೆಟ್ ಎತ್ತಿಕೊಡ್ತಿದ್ದೆಯಲ್ಲೋ."

ಕೊಳ ಬಿಚ್ಚಿಹಾಕುತ್ತೇನೆ, ಹೊಸ ಗಿಡ ನೆಡುತ್ತೇನೆ ಎಂದು ಅವನು ತಡವರಿಸಿದ.

"ನಂಗೆ ಎಂಬತ್ಮೂರು. ಅದರ ನೆರಳು ಯಾರಿಗೆ? ಕೊಳ ಇರ್ಲಿ, ಮಕ್ಕಳೇನು ಮಾಡಿದ್ವು. ನೀನು ಈಗ ಹೋಗು."

ಆಗಸ್ಟಿನಲ್ಲಿ ಮರ ಉರುಳಿತು. ಲೊರೆಟ್ ಫೆರ್ನಾಂದಳ ಜೊತೆ ಮೊದಲಿನಂತೆಯೇ ಮಾತಾಡುತ್ತಾಳೆ, ಮೊಮ್ಮಕ್ಕಳಿಗೆ ಸಕ್ಕರೆ ಕಡುಬು ಕಳಿಸುತ್ತಾಳೆ. ರೊಸೇರನಿಗೆ ಸಿಗುವುದು "ಬೊಂಜೂರ್" ಎಂಬ ಒಂದು ನಮಸ್ಕಾರ ಅಷ್ಟೇ. ನೆಲ ಮಾಡಿಸಲು ಜನ ಅವನನ್ನು ಈಗಲೂ ಕರೆಯುತ್ತಾರೆ. ಅವನು ಮೊದಲು ಕಬ್ಬಿಣದ ಸಲಾಕೆಯಿಂದ ಬೇಲಿಯುದ್ದಕ್ಕೂ ಚುಚ್ಚಿ ನೋಡುತ್ತಾನೆ. ಬೇರು ತಗುಲಿದರೆ ಅಲ್ಲಿ ಆಗುವುದಿಲ್ಲವೆಂದು ಹೊರಟುಬಿಡುತ್ತಾನೆ.

ಬೇಸಗೆಯ ಮಧ್ಯಾಹ್ನ ಬಿಸಿಲು ಈಗ ನೇರ ಲೊರೆಟಳ ಅಡುಗೆಮನೆಗೆ ಬೀಳುತ್ತದೆ. ಅವಳು ದಪ್ಪ ಪರದೆ ಎಳೆದುಕೊಂಡು ಒಳಗೇ ಇರುತ್ತಾಳೆ. ಮಕ್ಕಳು ನೀರಿನಿಂದ ಅಜ್ಜನನ್ನು ಕೂಗುತ್ತಾರೆ. ರೊಸೇರ್ ಒಮ್ಮೆಯೂ ಆ ಕೊಳಕ್ಕೆ ಇಳಿದಿಲ್ಲ.